ಮನೆ ಆರಿಸೋಕೆ ಆಫೀಸಿನ ದೂರ ಒಂದೇ ಸಾಕಾ?

‘ಜನ ಆಫೀಸಿನ ದೂರ ನೋಡಿಯೇ ಮನೆ ಹಿಡಿಯುತ್ತಾರೆ, ಯಾವ ಕುಟುಂಬ ಎಲ್ಲಿಗೆ ಹೋಗುತ್ತದೆ ಅಂತ ಕಂಪ್ಯೂಟರ್ ಕರೆಕ್ಟಾಗಿ ಹೇಳುತ್ತದೆ’ ಅನ್ನುವ ಮೆಸೇಜು ಫಾರ್ವರ್ಡ್ ಆಗಿ ಬರುತ್ತದೆ. ಎರಡೂ ಮಾತು ತಪ್ಪು.

ಸತ್ಯಾಂಶ: ದೂರದ ಲೆಕ್ಕ ಸುಮ್ನೆ ಹುಟ್ಟಿದ್ದಲ್ಲ. 1964ರಲ್ಲಿ ಅರ್ಥಶಾಸ್ತ್ರಜ್ಞ ವಿಲಿಯಂ ಅಲೊನ್ಸೊ ಕೊಟ್ಟ ಲೆಕ್ಕದ ಮಾದರಿಯಲ್ಲಿ ಊರಿಗೆ ಒಂದೇ ನಡುಭಾಗ, ಕೆಲಸವೆಲ್ಲ ಅಲ್ಲೇ. ದೂರ ಹೋದಷ್ಟೂ ಜಾಗದ ಬೆಲೆ ಇಳಿಯುತ್ತದೆ, ಓಡಾಟದ ಖರ್ಚು ಏರುತ್ತದೆ. ಅಲ್ಲೂ ದೂರ ಒಂದೇ ಅಲ್ಲ, ಅಲ್ವಾ? ಇನ್ನು ಬೆಂಗಳೂರಿಗೆ ಒಂದೇ ನಡುಭಾಗ ಎಲ್ಲಿದೆ? ಗಂಡನ ಕೆಲಸ ವೈಟ್‌ಫೀಲ್ಡಿನಲ್ಲಿ, ಹೆಂಡತಿಯದು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಅಂದುಕೊಳ್ಳಿ. ಮಗುವಿನ ಸ್ಕೂಲು, ಅಡ್ವಾನ್ಸು, ಕಾವೇರಿ ನೀರು, ಅಜ್ಜಿ ಮನೆ ಎಲ್ಲವೂ ತೂಕಕ್ಕೆ ಬರುತ್ತವೆ.

1978ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಡೇನಿಯಲ್ ಮೆಕ್‌ಫ್ಯಾಡನ್ ಮನೆಯ ಈ ಆಯ್ಕೆಯನ್ನು ಸಾಧ್ಯತೆಯ ಲೆಕ್ಕವಾಗಿಸಿದರು. ಒಂದು ಬಡಾವಣೆಗೆ 0.3 ಬಂದರೆ, ಅಂಥದೇ 1,000 ಕುಟುಂಬಗಳಲ್ಲಿ ಸುಮಾರು 300 ಅಲ್ಲಿಗೆ ಹೋಗಬಹುದು ಅಂತ ಅರ್ಥ. ನಿಮ್ಮ ಮನೆಯವರು ಆ 300ರಲ್ಲಿ ಇದ್ದಾರೋ ಇಲ್ಲವೋ, ಮಾದರಿ ಹೇಳುವುದಿಲ್ಲ.

ಮೆಕ್‌ಫ್ಯಾಡನ್ ಲೆಕ್ಕದಲ್ಲಿ ನನಗೆ ಜಾಸ್ತಿ ಇಷ್ಟವಾದ ಜಾಣತನ ಬೇರೆ ಇದೆ. ಊರಿನ ಲಕ್ಷಾಂತರ ಮನೆಗಳನ್ನೂ ಲೆಕ್ಕಕ್ಕೆ ಹಾಕಬೇಕಿಲ್ಲ. ಆರಿಸಿದ ಮನೆಯ ಜೊತೆ, ಬಿಟ್ಟ ಮನೆಗಳಲ್ಲಿ ಕೆಲವನ್ನು ಚೀಟಿ ಎತ್ತಿದ ಹಾಗೆ ಸೇರಿಸಿಕೊಂಡರೆ ಸಾಕು. ಕೆಲವು ಷರತ್ತುಗಳ ಒಳಗೆ, ಯಾವುದಕ್ಕೆ ಎಷ್ಟು ತೂಕ ಅನ್ನುವುದು ಸರಿಯಾಗಿಯೇ ಸಿಗುತ್ತದೆ ಎಂದು ಅವರು ತೋರಿಸಿದರು. 2000ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು.

ಹಾಂ, ನಮ್ಮಲ್ಲಿ ಓನರ್ ಕೂಡ ‘ವೆಜ್ ಮಾತ್ರ’ ಅಂತ ಬಾಡಿಗೆಯವರನ್ನು ಆರಿಸುತ್ತಾರೆ. ಸರಳ ಮಾದರಿಗೆ ಅದು ಕಾಣುವುದೇ ಇಲ್ಲ.