ಬಲಕ್ಕೆ ತಿರುಗಿದರಷ್ಟೇ ಆರೋಗ್ಯ

ಬೆಂಗಳೂರಿನ ಇಂದಿರಾನಗರದ ಉದ್ಯಾನವೊಂದರಲ್ಲಿ ‘ಓಡಬಾರದು, ಅಪ್ರದಕ್ಷಿಣವಾಗಿ ನಡೆಯಬಾರದು, ಆಟವಾಡಬಾರದು’ ಎಂಬ ಫಲಕ ಕಾಣಿಸಿಕೊಂಡ 2024ರ ಪ್ರಸಂಗವನ್ನು ಓದುಗರು ಮರೆತಿರಲಾರರು. ಜಾಲತಾಣಗಳಲ್ಲಿ ಎಲ್ಲರೂ ನಕ್ಕು ಮುಂದೆ ಹೋದರು; ನಾನು ಮಾತ್ರ ಅದನ್ನು ಬರೆಸಿದ ಮಹನೀಯರ ಅಭಿಮಾನಿಯಾಗಿ ಉಳಿದುಬಿಟ್ಟೆ. ನಗರದ ಉದ್ಯಾನಗಳನ್ನು ಬೆಳಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕೆಂದು ಅದೇ ವರ್ಷ ಸರ್ಕಾರ ಔದಾರ್ಯ ತೋರಿತ್ತು. ಗೇಟು ತೆರೆದಿದೆಯೆಂದು ಒಳಗೆ ಬಂದ ಜನ ಮೈಮರೆತು ಓಡಿಬಿಟ್ಟರೆ ಗತಿಯೇನು ಎಂದು ಯಾರಾದರೊಬ್ಬರು ಚಿಂತಿಸಲೇಬೇಕಿತ್ತು. ಭಾರತದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಸಾಕಷ್ಟು ಮೈ ಬಗ್ಗಿಸುತ್ತಿಲ್ಲವೆಂದು ‘ಲ್ಯಾನ್ಸೆಟ್’ ಬಳಗದ ಪತ್ರಿಕೆಯೊಂದು ಆ ವರ್ಷವೇ ಪ್ರಕಟಿಸಿತ್ತಾದರೂ, ಶಿಸ್ತಿನ ಪ್ರಶ್ನೆ ಬಂದಾಗ ಇಂತಹ ಸಣ್ಣಪುಟ್ಟ ಅಂಕಿ ಅಂಶಗಳನ್ನು ನೋಡುತ್ತಾ ಕೂರಲಾಗುವುದಿಲ್ಲ.

ಬಲಗಡೆಯಿಂದಲೇ ಸುತ್ತಬೇಕೆಂಬ ನಿಯಮದ ಹಿಂದೆ ದೇವಸ್ಥಾನದ ಸಂಸ್ಕಾರವಿದೆಯೆಂದು ನನ್ನ ಊಹೆ. ಆದರೆ ಫಲಕ ಬರೆಸಿದವರು ಶಿವಾಲಯಗಳ ಪದ್ಧತಿಯನ್ನು ಗಮನಿಸಿದಂತಿಲ್ಲ. ಅಲ್ಲಿ ಅಭಿಷೇಕದ ನೀರು ಹೊರಬೀಳುವ ಸೋಮಸೂತ್ರವನ್ನು ದಾಟುವಂತಿಲ್ಲ. ಅಲ್ಲಿಯವರೆಗೆ ಹೋಗಿ, ಹೊರಳಿ, ಬಂದ ದಾರಿಯಲ್ಲೇ ಹಿಂದಿರುಗಬೇಕು. ಹಾಗಿರುವಾಗ ಶೌಚಾಲಯದ ಕೊಳವೆ ಒಡೆದು ಕಾಲುದಾರಿಗೆ ಅಡ್ಡಲಾಗಿ ನೀರು ಹರಿಯುವ ಉದ್ಯಾನದಲ್ಲಿ ಆಚಾರವಂತನಾದ ಶಿವಭಕ್ತನೊಬ್ಬ ಏನು ಮಾಡಬೇಕು? ದಾಟಿದರೆ ಶಾಸ್ತ್ರಕ್ಕೆ ಭಂಗ, ತಿರುಗಿದರೆ ಫಲಕಕ್ಕೆ ಅವಮಾನ. ಇಂತಹ ಬಿಕ್ಕಟ್ಟುಗಳನ್ನು ಬಗೆಹರಿಸಲು ಉದ್ಯಾನದ ಕಾವಲುಗಾರರಿಗೆ ಆಗಮಶಾಸ್ತ್ರದಲ್ಲಿ ಕಿರು ತರಬೇತಿಯನ್ನಾದರೂ ಕೊಡಿಸುವುದು ಒಳ್ಳೆಯದು. ಪೊರಕೆ ಹಿಡಿದು ಎಲೆ ಗುಡಿಸುವ ಹೆಂಗಸು ಯಾವ ದಿಕ್ಕಿನಲ್ಲಿ ಸುತ್ತಬೇಕೆಂದು ಫಲಕದಲ್ಲಿ ಹೇಳಿಲ್ಲ. ಇಡೀ ಉದ್ಯಾನದಲ್ಲಿ ಎಲ್ಲರಿಗಿಂತ ಹೆಚ್ಚು ನಡೆಯುವವಳು ಅವಳೇ ಆದರೂ, ಅವಳ ನಡಿಗೆಯನ್ನು ಯಾರೂ ಆರೋಗ್ಯದ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹೆಜ್ಜೆಗಳ ಲೆಕ್ಕವೂ ಸ್ವಾರಸ್ಯಕರವೇ. ದಿನಕ್ಕೆ 10,000 ಹೆಜ್ಜೆ ಎಂಬುದು ಯಾವ ಋಷಿಯೂ ಕಂಡ ಸತ್ಯವಲ್ಲ. 1964ರ ಟೋಕಿಯೊ ಒಲಿಂಪಿಕ್ಸ್‌ನ ಮರುವರ್ಷ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರವನ್ನು ಮಾರಲು ಬಳಸಿಕೊಂಡ ಸಂಖ್ಯೆ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ ಸಾಕೆನ್ನುತ್ತದೆಯೇ ಹೊರತು ಹೆಜ್ಜೆ ಎಣಿಸಿ ಒಪ್ಪಿಸಿರೆಂದು ಕೇಳಿಲ್ಲ. ಆದರೂ ನಮ್ಮವರು ಹತ್ತು ಸಾವಿರಕ್ಕೆ ಇನ್ನೂರು ಕಡಿಮೆಯಾಯಿತೆಂದು ರಾತ್ರಿ ಹನ್ನೊಂದು ಗಂಟೆಗೆ ಹಾಲಿನಲ್ಲಿ ಸೋಫಾದ ಸುತ್ತ ತಿರುಗುತ್ತಿರುತ್ತಾರೆ. ಕೆಳಗಿನ ಮನೆಯವರ ನಿದ್ರೆಯ ಆರೋಗ್ಯ ಬೇರೆ ಇಲಾಖೆಗೆ ಸೇರಿದ್ದು.

ಅವರು ಮನೆಯೊಳಗೇ ಸುತ್ತುವುದಕ್ಕೂ ಕಾರಣವಿದೆ. ನಮ್ಮ ಪಾದಚಾರಿ ಮಾರ್ಗಗಳಲ್ಲಿ ಸಿಗುವ ವ್ಯಾಯಾಮ ಎಲ್ಲರ ಮೈಗೂ ಒಗ್ಗುವಂಥದ್ದಲ್ಲ. ಚರಂಡಿಯ ಮೇಲೆ ಹಾಸಿದ ಚಪ್ಪಡಿಯ ಒಂದು ಮೂಲೆಯ ಮೇಲೆ ಕಾಲಿಟ್ಟರೆ ಎದುರಿನ ಮೂಲೆ ಮೇಲೇಳುತ್ತದೆ, ಸಂದಿಯಿಂದ ಕಪ್ಪು ನೀರು ಪ್ಯಾಂಟಿನ ಅಂಚಿಗೆ ಚಿಮ್ಮುತ್ತದೆ. ಸಾವರಿಸಿಕೊಂಡು ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಟ್ರಾನ್ಸ್‌ಫಾರ್ಮರ್ ಎದುರಾಗುತ್ತದೆ, ಅದನ್ನು ಬಳಸಿ ಹೋದರೆ ಮರದಿಂದ ಕತ್ತಿನ ಎತ್ತರಕ್ಕೆ ಜೋತುಬಿದ್ದ ಕೇಬಲ್ ಸುರುಳಿ, ಅದಕ್ಕೆ ತಲೆ ಬಗ್ಗಿಸಿ ನಿಂತಾಗ ಹಿಂದಿನಿಂದ ದಾರಿ ಬಿಡೆಂದು ಹಾರ್ನ್ ಹೊಡೆಯುವ ಸ್ಕೂಟರ್ ಸವಾರ. ಮನಸ್ಸನ್ನು ವರ್ತಮಾನದಲ್ಲಿ ನಿಲ್ಲಿಸಿರೆಂದು ಧ್ಯಾನದ ಗುರುಗಳು ಸಾವಿರಾರು ರೂಪಾಯಿ ಪಡೆದು ಕಲಿಸುವ ವಿದ್ಯೆ ಇಲ್ಲಿ ಪುಕ್ಕಟೆಯಾಗಿ ಸಿದ್ಧಿಸುತ್ತದೆ. ಆ ದಾರಿಯಲ್ಲಿ ಹಿಂದಿನದನ್ನೂ ಮುಂದಿನದನ್ನೂ ಯೋಚಿಸಿದವನು ಚರಂಡಿಯೊಳಗಿರುತ್ತಾನೆ.

ಇದರಲ್ಲಿ ನಗುವಂಥದ್ದೇನೂ ಇಲ್ಲ. ಎಪ್ಪತ್ತು ದಾಟಿದವರು ಹೀಗೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ಅವರಲ್ಲಿ ಎಷ್ಟೋ ಮಂದಿ ಮತ್ತೆ ಮೊದಲಿನಂತೆ ನಡೆಯುವುದಿಲ್ಲ. ನಡೆಯಲು ಯೋಗ್ಯವಾದ ಪಾದಚಾರಿ ಮಾರ್ಗ ಸಂವಿಧಾನದ 21ನೇ ವಿಧಿಯಡಿ ನಾಗರಿಕರ ಹಕ್ಕೆಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ. ಒಂದು ಚಪ್ಪಡಿ ಅಲುಗಾಡದಂತೆ ಕೂರಿಸಿರೆಂದು ಹೇಳಿಸಲು ದೇಶದ ಅತ್ಯುನ್ನತ ನ್ಯಾಯಾಲಯದವರೆಗೆ ಹೋಗಬೇಕಾಯಿತು, ಹೋಗಿ ಬಂದ ಮೇಲೂ ಚಪ್ಪಡಿ ಅಲುಗಾಡುತ್ತಲೇ ಇದೆ. ಆ ಸೆಪ್ಟೆಂಬರ್‌ನಲ್ಲಿ ಒಂದಿದ್ದ ಪಾಲಿಕೆ ಐದಾಯಿತು. ದೂರು ಕೊಡುವವನು ಈಗ ತಾನು ಯಾವ ಪಾಲಿಕೆಯ ಚರಂಡಿಗೆ ಬಿದ್ದೆನೆಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಇಷ್ಟೆಲ್ಲ ಆದ ಮೇಲೂ ‘ದಿನಾ ನಡೆಯಿರಿ’ ಎಂಬ ಜಾಹೀರಾತನ್ನು ಅದೇ ಚರಂಡಿಯ ಪಕ್ಕದ ಬಸ್ ತಂಗುದಾಣಕ್ಕೆ ಅಂಟಿಸುವ ಧೈರ್ಯ ಇವರಿಗೆ ಎಲ್ಲಿಂದ ಬರುತ್ತದೆಯೋ ನನಗೆ ತಿಳಿಯದು.

ನಡೆಯುವ ಜಾಗದ ಕತೆ ಇದಾದರೆ ನಡೆಯುವ ಹೊತ್ತಿನದು ಇನ್ನೊಂದು. ದಿನಕ್ಕೆ 12 ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ಮೇಜಿನ ಮುಂದೆ ಕುಳಿತವರ ಮನಸ್ಸು ಸಂಕಟಕ್ಕೆ ಸಿಲುಕುತ್ತದೆಂದು ಕೇಂದ್ರದ ಆರ್ಥಿಕ ಸಮೀಕ್ಷೆಯೇ 2025ರ ಜನವರಿ 31ರಂದು ಎಚ್ಚರಿಸಿತ್ತು. ಎಲ್ ಅಂಡ್ ಟಿ ಅಧ್ಯಕ್ಷರು ವಾರಕ್ಕೆ 90 ಗಂಟೆ ದುಡಿಮೆಯ ಆಸೆ ಹೇಳಿಕೊಂಡು, ಹೆಂಡತಿಯ ಮುಖವನ್ನು ಎಷ್ಟು ಹೊತ್ತು ನೋಡುತ್ತೀರೆಂದು ಕೇಳಿ ಸುದ್ದಿಯಾದದ್ದೂ ಅದೇ ತಿಂಗಳು. ಜೂನ್ ಬರುವಷ್ಟರಲ್ಲಿ ನಮ್ಮ ರಾಜ್ಯವೇ ಓವರ್‌ಟೈಮ್ ಸೇರಿ ದಿನಕ್ಕೆ 12 ಗಂಟೆಯವರೆಗೆ ದುಡಿಸಿಕೊಳ್ಳಲು ಕಾನೂನು ತಿದ್ದುವ ಪ್ರಸ್ತಾವ ಮುಂದಿಟ್ಟಿತು. ಹನ್ನೆರಡು ಗಂಟೆ ಕೆಲಸ, ಹೋಗಿಬರುವುದಕ್ಕೆ ಮೂರು, ವೈದ್ಯರು ಹೇಳುವ ಏಳು ಗಂಟೆಯ ನಿದ್ರೆ. ಉಳಿದ ಎರಡು ಗಂಟೆಗಳಲ್ಲಿ ಸ್ನಾನ, ಅಡುಗೆ, ನಡಿಗೆ, ಪ್ರಾಣಾಯಾಮ, ಮಕ್ಕಳೊಂದಿಗೆ ಗುಣಮಟ್ಟದ ಸಮಯ, ತುತ್ತಿಗೆ ಮೂವತ್ತೆರಡು ಸಲ ಅಗಿದು ಊಟ, ಮಲಗುವ ಮುನ್ನ ಈ ದಿನಕ್ಕಾಗಿ ಕೃತಜ್ಞತೆಯ ನಾಲ್ಕು ಸಾಲು. ಆ ಸಾಲುಗಳನ್ನು ಯಾರನ್ನು ಉದ್ದೇಶಿಸಿ ಬರೆಯಬೇಕೆಂದು ಮಾತ್ರ ಯಾರೂ ಹೇಳಿಕೊಟ್ಟಿಲ್ಲ.

ಕಂಪನಿಗಳಿಗೆ ಇದರ ಅರಿವಿಲ್ಲವೆಂದೇನೂ ಅಲ್ಲ. ನನ್ನ ಪರಿಚಯದವರೊಬ್ಬರ ಕಚೇರಿಯಲ್ಲಿ ಕಳೆದ ಬಾರಿ ಮಾನಸಿಕ ಆರೋಗ್ಯ ದಿನದಂದು ‘ನಿಧಾನವಾಗಿ, ಗಮನವಿಟ್ಟು ಊಟ ಮಾಡುವುದು ಹೇಗೆ’ ಎಂಬ ಆನ್‌ಲೈನ್ ಉಪನ್ಯಾಸ ಏರ್ಪಡಿಸಿದ್ದರು. ಕೆಲಸಕ್ಕೆ ಅಡ್ಡಿಯಾಗಬಾರದೆಂದು ಅದನ್ನು ಮಧ್ಯಾಹ್ನ ಒಂದರಿಂದ ಎರಡು ಗಂಟೆಯವರೆಗೆ ಇಟ್ಟುಕೊಂಡಿದ್ದರು. ಹಾಜರಾತಿ ಕಡ್ಡಾಯ, ಕ್ಯಾಮೆರಾ ಆನ್ ಇರಬೇಕು, ಉಪನ್ಯಾಸದ ನಡುವೆ ಯಾರೂ ಏನನ್ನೂ ತಿನ್ನಕೂಡದು.