ಅಪ್ಪ ಸಿಕ್ಕಿದ, ಜೇಬು ಸಿಗಲಿಲ್ಲ

ಹುಟ್ಟುವ ಪ್ರತಿ ಮಗುವಿಗೂ ಪಿತೃತ್ವ ಪರೀಕ್ಷೆ ಕಡ್ಡಾಯವಾಗಬೇಕು ಎಂಬ ಗಂಡಸರ ಚಳವಳಿಯೊಂದು ಮೊಬೈಲಿನ ಪರದೆಯ ಮೇಲೆ ಭರದಿಂದ ಸಾಗಿದೆ. ಮಗುವಿಗೆ ಪೋಲಿಯೊ ಹನಿ ಹಾಕುವ ದಾದಿಯೇ ಅಪ್ಪನ ಕೆನ್ನೆಯೊಳಗೂ ಒಂದು ಹತ್ತಿಕಡ್ಡಿ ಆಡಿಸಿ, ಲಕೋಟೆಗೆ ಹಾಕಿ, ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಿದರಾಯಿತಂತೆ. ಅಲ್ಲಿ ಕೊಲೆ, ಅತ್ಯಾಚಾರದ ಮಾದರಿಗಳ ಸರದಿಯ ಹಿಂದೆ ರಾಜ್ಯದ ಸಮಸ್ತ ಕೂಸುಗಳೂ ನಿಲ್ಲಬೇಕು. ವರದಿ ಕೈಸೇರುವಾಗ ಮಗು ತಾನೇ ಅದನ್ನು ಓದಿ ಹೇಳುವಷ್ಟು ದೊಡ್ಡದಾಗಿರುತ್ತದೆ, ಅದೊಂದು ಅನುಕೂಲ.

ನನ್ನ ತಕರಾರೇನೂ ಇಲ್ಲ. ಒಂದೇ ಷರತ್ತು. ಪರೀಕ್ಷಾ ವರದಿಯ ಹಿಂಬದಿಯಲ್ಲಿ ಬ್ಯಾಂಕಿನ ಆಟೋ ಡೆಬಿಟ್ ಅರ್ಜಿಯನ್ನು ಮುದ್ರಿಸಿರಬೇಕು. ಮುಂಬದಿಯಲ್ಲಿ 'ಇವನೇ ಅಪ್ಪ' ಎಂದು ಬಂದರೆ, ಮುಂದಿನ ತಿಂಗಳ ಒಂದನೇ ತಾರೀಕಿನಿಂದ ಮಗುವಿನ ಪಾಲು ತಾನಾಗಿ ಕಡಿತವಾಗಬೇಕು. ಈ ತಿದ್ದುಪಡಿಯನ್ನು ಚಳವಳಿಗಾರರೊಬ್ಬರ ಮುಂದಿಟ್ಟೆ. ಅವರು ವ್ಯಕ್ತಿಸ್ವಾತಂತ್ರ್ಯದ ಬಗ್ಗೆ ಗಂಭೀರವಾಗಿ ಮಾತನಾಡತೊಡಗಿದರು.

ಅಪ್ಪ ಯಾರೆಂಬ ಪ್ರಶ್ನೆಯನ್ನು ನಮ್ಮ ಕಾನೂನು ಹತ್ತಿಕಡ್ಡಿಯ ಹಂಗಿಲ್ಲದೆ ಎಂದೋ ಬಗೆಹರಿಸಿಬಿಟ್ಟಿದೆ. 1872ರ ಸಾಕ್ಷ್ಯ ಅಧಿನಿಯಮದ 112ನೇ ಕಲಮಿನ ಪ್ರಕಾರ ದಾಂಪತ್ಯ ಚಾಲ್ತಿಯಲ್ಲಿರುವಾಗ ಹುಟ್ಟಿದ ಮಗು ಗಂಡನದ್ದೇ. ಮದುವೆ ಮುರಿದ ಮೇಲೂ ತಾಯಿ ಮರುಮದುವೆಯಾಗಿರದಿದ್ದರೆ 280 ದಿನಗಳ ತನಕ ಹುಟ್ಟಿದ್ದು ಅವನದ್ದೇ. ಆ ಕಾಲದಲ್ಲಿ ಗಂಡಹೆಂಡಿರು ಕೂಡುವ ಅವಕಾಶವೇ ಇರಲಿಲ್ಲ ಎಂದು ರುಜುವಾತು ಮಾಡಿದವನಿಗೆ ಮಾತ್ರ ಬಿಡುಗಡೆ. ಡಿಎನ್‌ಎಯ ರಚನೆ ಜಗತ್ತಿಗೆ ತಿಳಿದದ್ದು 1953ರಲ್ಲಿ. ಅಲ್ಲಿಯವರೆಗೆ ಇದು ಜಾಣತನವೇ. 2024ರ ಜುಲೈ 1ರಂದು ಬ್ರಿಟಿಷರ ಕಾಯಿದೆಯನ್ನು ಕಿತ್ತೊಗೆದು ಭಾರತೀಯ ಸಾಕ್ಷ್ಯ ಅಧಿನಿಯಮವನ್ನು ಪ್ರತಿಷ್ಠಾಪಿಸಿದೆವು. ವಸಾಹತುಶಾಹಿಯ ಬೇರು ಕಿತ್ತ ಆ ಪುಣ್ಯದಿನದಂದು 112ನೇ ಕಲಮು 116 ಆಯಿತು. 280 ದಿನ ಮಾತ್ರ 280 ದಿನವಾಗಿಯೇ ಉಳಿಯಿತು.

ಮಗುವಿನ ನೆತ್ತಿಯ ಮೇಲೆ ಕಳಂಕ ಬೀಳದಿರಲಿ ಎಂಬುದು ಇದರ ಉದ್ದೇಶ. ಅದು ಒಳ್ಳೆಯದೇ, ಗಂಡಹೆಂಡಿರ ಜಗಳದಲ್ಲಿ ಮಕ್ಕಳ ರಕ್ತವನ್ನು ಸಿಕ್ಕಸಿಕ್ಕಂತೆ ಪರೀಕ್ಷೆಗೆ ಎಳೆಯಬೇಡಿ ಎಂದು ಸುಪ್ರೀಂ ಕೋರ್ಟ್ 2023ರಲ್ಲೂ ಹೇಳಿತು. ಆದರೆ ವಿಜ್ಞಾನ ಮತ್ತು ಕಲಮು ಮುಖಾಮುಖಿಯಾದರೆ ಗೆಲುವು ಯಾರದ್ದು? ಅದು ಇಸವಿ ನೋಡಿ ಹೇಳಬೇಕಾದ ಮಾತು. 2014ರಲ್ಲಿ ನಾಗಪುರ ಕಡೆಯ ಪ್ರಕರಣವೊಂದರಲ್ಲಿ ಡಿಎನ್‌ಎ ಗೆದ್ದು, ಗಂಡನಿಗೆ ಮಗುವಿನ ಜೀವನಾಂಶದಿಂದ ಮುಕ್ತಿ ಸಿಕ್ಕಿತು. 2025ರ ಜನವರಿಯಲ್ಲಿ ಕೇರಳದ ಪ್ರಕರಣದಲ್ಲಿ ಕಲಮು ಗೆದ್ದಿತು: ತನ್ನ ನಿಜವಾದ ಅಪ್ಪ ಬೇರೊಬ್ಬನೆಂದು ಹೇಳಿ ಅವನಿಂದ ಜೀವನಾಂಶ ಕೇಳಿದ ಮಗನಿಗೆ, ನಿನ್ನ ತಾಯಿಯ ಗಂಡನೇ ನಿನ್ನ ಅಪ್ಪ ಎಂಬ ಉತ್ತರ ಬಂತು. ಆ ಇನ್ನೊಬ್ಬ ಗೃಹಸ್ಥನ ಕೆನ್ನೆಗೆ ಹತ್ತಿಕಡ್ಡಿ ತಾಗಲಿಲ್ಲ.

ದೊಡ್ಡವರ ಮನೆಯ ಕಥೆ ಇನ್ನೂ ಸೊಗಸು. ಎರಡು ರಾಜ್ಯಗಳ ಮುಖ್ಯಮಂತ್ರಿಯಾಗಿದ್ದ ಎನ್.ಡಿ. ತಿವಾರಿಯವರ ಮೇಲೆ ಮಗನೊಬ್ಬ 2008ರಲ್ಲಿ ದಾವೆ ಹೂಡಿದ. ಅವರ ತೋಳಿನಿಂದ ರಕ್ತ ತೆಗೆಯಲು 2012ರ ಮೇ ತಿಂಗಳವರೆಗೆ ಕಾಯಬೇಕಾಯಿತು. ಎರಡು ತಿಂಗಳಲ್ಲಿ ಪ್ರಯೋಗಾಲಯಕ್ಕೆ ಸತ್ಯ ತಿಳಿಯಿತು. ತಿವಾರಿಯವರಿಗೆ ತಿಳಿಯಲು 2014 ಆಯಿತು. ಅದೇ ವರ್ಷ, 88ರ ಹರೆಯದಲ್ಲಿ, ಅವರು ಮಗನ ತಾಯಿಯನ್ನು ಮದುವೆಯೂ ಆದರು.

ಇವೆಲ್ಲ ಅಪರೂಪದ ಜಾತಕಗಳು. ಕುಟುಂಬ ನ್ಯಾಯಾಲಯದ ಕಾರಿಡಾರಿನಲ್ಲಿ ಬಗಲಿಗೆ ಮಗು, ಕೈಗೆ ಫೈಲು ಹಿಡಿದು ನಿಂತ ಹೆಂಗಸರಲ್ಲಿ ಬಹುತೇಕರಿಗೆ ಅಪ್ಪ ಯಾರೆಂಬ ಅನುಮಾನವೇ ಇಲ್ಲ. ಅವನ ಹೆಸರು ಗೊತ್ತು, ಮನೆ ಗೊತ್ತು, ಬೈಕಿನ ನಂಬರೂ ಗೊತ್ತು. ಗೊತ್ತಿಲ್ಲದ್ದು ಅವನ ಸಂಬಳ ಮಾತ್ರ. ಮದುವೆಯ ಮಾತುಕತೆಯಲ್ಲಿ ತಿಂಗಳಿಗೆ ಲಕ್ಷ ಎಣಿಸುತ್ತಿದ್ದವನು ಕೋರ್ಟಿಗೆ ಕೊಟ್ಟ ಪ್ರಮಾಣಪತ್ರದಲ್ಲಿ ನಿರುದ್ಯೋಗಿ, ವೃದ್ಧ ತಂದೆತಾಯಿಯ ಆಶ್ರಿತ. ಆದಾಯ, ಆಸ್ತಿ, ಸಾಲಗಳನ್ನೆಲ್ಲ ಪ್ರಮಾಣ ಮಾಡಿ ತೋರಿಸಿ ಎಂದು ಸುಪ್ರೀಂ ಕೋರ್ಟ್ 2020ರಲ್ಲೇ ನಮೂನೆ ಕೊಟ್ಟಿದೆ. ಅಂದಿನಿಂದ ಬಡತನವನ್ನು ನಮೂನೆಯ ಪ್ರಕಾರವೇ ಭರ್ತಿ ಮಾಡಲಾಗುತ್ತಿದೆ.

ಜೀವನಾಂಶದ ಆದೇಶವಾಯಿತು ಎನ್ನಿ. ಕೊಡದಿದ್ದರೆ ವಾರಂಟ್. ವಾರಂಟ್ ಠಾಣೆಗೆ ಹೋಗುತ್ತದೆ, 'ಸದರಿ ವಿಳಾಸದಲ್ಲಿ ಆಸಾಮಿ ಇಲ್ಲ' ಎಂಬ ಷರಾ ಹೊತ್ತು ಮರಳುತ್ತದೆ. ಆಸಾಮಿ ಅದೇ ವಿಳಾಸದಲ್ಲಿ ಗ್ಯಾಸ್ ಸಿಲಿಂಡರ್ ಪಡೆಯುತ್ತಾನೆ, ಮತ ಹಾಕುತ್ತಾನೆ, ಅವನ ಕಾರಿನ ಕಂತು ಐದನೇ ತಾರೀಕು ತಪ್ಪದೆ ಖಾತೆಯಿಂದ ಹೋಗುತ್ತದೆ. ಸಿಗ್ನಲ್ ದಾಟಿದರೆ ಕ್ಯಾಮೆರಾ ಅವನನ್ನು ಹಿಡಿಯುತ್ತದೆ, ಟೋಲ್ ಗೇಟು ಹಿಡಿಯುತ್ತದೆ. ಮಗುವಿನ ಶಾಲೆ ಶುಲ್ಕದ ಹೊತ್ತಿಗೆ ಮಾತ್ರ ಅವನು ನಿರಾಕಾರ, ನಿರ್ಗುಣ. ಅಮೆರಿಕದಲ್ಲಿ ಮಗುವಿನ ಬಾಕಿ 2,500 ಡಾಲರ್ ಮೀರಿದರೆ ಪಾಸ್‌ಪೋರ್ಟ್ ಸಿಗುವುದಿಲ್ಲ. ನಮ್ಮ ತಂದೆಯರು ಇಷ್ಟೊಂದು ಮಂದಿ ವೀಸಾ ಕನಸು ಕಾಣುವುದು ಈ ಸಂಗತಿ ತಿಳಿಯದೆಯೇ ಇರಬೇಕು.

ಜೈಲೂ ಉಂಟು. ಒಂದು ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಸೆರೆ. ಒಳಗೆ ಹೋಗಿ ಬಂದ ಮಾತ್ರಕ್ಕೆ ಬಾಕಿ ತೀರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1988ರಲ್ಲಿ ಹೇಳಬೇಕಾಗಿ ಬಂತು, ಅಂದರೆ ತೀರಿತೆಂದು ವಾದಿಸಿದ ಪುಣ್ಯಾತ್ಮನೂ ಇದ್ದ. ಕೊಡಬೇಕಾದ ಮೊತ್ತವಾದರೂ ಎಷ್ಟಿತ್ತು? 2001ರ ತಿದ್ದುಪಡಿಯವರೆಗೂ ದಂಡ ಪ್ರಕ್ರಿಯಾ ಸಂಹಿತೆಯ ಮೂಲ ಪಾಠದಲ್ಲಿ ಗರಿಷ್ಠ ತಿಂಗಳಿಗೆ 500 ರೂಪಾಯಿ.

ಕೊಟ್ಟೇ ತೀರಬೇಕಾದಾಗಲೂ ನಮ್ಮವರ ಪ್ರತಿಭೆ ಬತ್ತುವುದಿಲ್ಲ. 2023ರ ಜೂನ್‌ನಲ್ಲಿ ಜೈಪುರದ ನ್ಯಾಯಾಲಯಕ್ಕೆ ಒಬ್ಬನ ಕಡೆಯವರು ಹೆಂಡತಿಯ ಜೀವನಾಂಶದ ಬಾಕಿ 55,000 ರೂಪಾಯಿಯನ್ನು ಏಳು ಚೀಲ ಚಿಲ್ಲರೆಯಾಗಿ ಹೊತ್ತು ತಂದರು. ತೂಕ ಸುಮಾರು 280 ಕಿಲೋ ಎಂದು ಪತ್ರಿಕೆಗಳು ಬರೆದವು. ನಮ್ಮ ಕುಟುಂಬ ಕಾನೂನಿಗೆ ಆ ಸಂಖ್ಯೆಯ ಮೇಲೆ ಅದೇನು ಮೋಹವೋ. ಚಿಲ್ಲರೆಯೂ ಸರ್ಕಾರದ ಹಣವೇ ತಾನೇ ಎಂದು ಅವನ ವಕೀಲರು ವಾದಿಸಿದರು. 2011ರ ನಾಣ್ಯ ಕಾಯಿದೆಯಲ್ಲಿ ರೂಪಾಯಿ ನಾಣ್ಯಗಳ ಸಿಂಧುತ್ವಕ್ಕೆ ಸಾವಿರ ರೂಪಾಯಿಯ ಮಿತಿಯಿದೆ ಎಂಬುದು ಆ ಗದ್ದಲದಲ್ಲಿ ಎಷ್ಟು ಜನಕ್ಕೆ ನೆನಪಾಯಿತೋ. ನೀನೇ ಎಣಿಸಿ ಸಾವಿರ ರೂಪಾಯಿಯ ಪೊಟ್ಟಣಗಳನ್ನು ಕಟ್ಟಿಕೊಂಡು ಬಾ ಎಂದಿತು ನ್ಯಾಯಾಲಯ. ಅದಕ್ಕೂ ಮುಂದಿನ ತಾರೀಕು ಕೊಡಲಾಯಿತು.