ಲ್ಯಾಬಿನ ಜೋಡಿಗಳನ್ನು ಬದಲಿಸಬೇಡಿ

ಬಿಎಸ್ಸಿ ಮೊದಲ ಸೆಮಿಸ್ಟರ್‌ನ ಕ್ಲಾಸ್ ರೂಮು ನೋಡಿ. ಒಂದೇ ಪಿಯು ಕಾಲೇಜಿನಿಂದ ಬಂದವರು ಒಟ್ಟಿಗೆ ಕೂರುತ್ತಾರೆ. ಒಂದೇ ಬಸ್ಸಿನಲ್ಲಿ ಬರುವವರದು ಇನ್ನೊಂದು ಗುಂಪು. ಯಾರೂ ಗೊತ್ತಿಲ್ಲದವರಿಗೆ ಕೊನೇ ಬೆಂಚು. ಲ್ಯಾಬಿನಲ್ಲಿ ಮಾತ್ರ ಇದು ನಡೆಯುವುದಿಲ್ಲ. ಅಲ್ಲಿ ರೋಲ್ ನಂಬರ್ ಪ್ರಕಾರ ಜೋಡಿ. ಮುಂದಿನ ನಂಬರ್ ಯಾರದೋ ಅವರೇ ಪಾರ್ಟ್‌ನರ್.

ನನಗೆ ಸಿಕ್ಕವಳು ಸಿಟಿ ಹುಡುಗಿ. ನಾನು ಹತ್ತನೇ ಕ್ಲಾಸಿನ ತನಕ ಸರ್ಕಾರಿ ಶಾಲೆಯಲ್ಲಿ ಕನ್ನಡದಲ್ಲೇ ಓದಿದವಳು. ಎರಡು ವಾರ 'ಟೆಸ್ಟ್ ಟ್ಯೂಬ್ ಕೊಡು' ಅನ್ನುವುದು ಬಿಟ್ಟರೆ ಬೇರೆ ಮಾತಿರಲಿಲ್ಲ. ಮೂರನೇ ವಾರ ಕೆಮಿಸ್ಟ್ರಿ ಲ್ಯಾಬಿನಲ್ಲಿ ಪರ್ಮಾಂಗನೇಟ್ ಟೈಟ್ರೇಶನ್ ಬಂತು. ಅಂದರೆ ನೇರಳೆ ಬಣ್ಣದ ಪರ್ಮಾಂಗನೇಟ್ ದ್ರಾವಣವನ್ನು ಇನ್ನೊಂದು ದ್ರಾವಣಕ್ಕೆ ಹನಿಹನಿಯಾಗಿ ಬಿಟ್ಟು, ಎಷ್ಟು ಬೇಕಾಯಿತು ಅಂತ ಅಳೆಯುವುದು.

ಅದರಲ್ಲಿ ಕಾಯುವುದೇ ಜಾಸ್ತಿ. ಆಕ್ಸಾಲಿಕ್ ಆಸಿಡ್‌ಗೆ ಡೈಲ್ಯೂಟ್ ಸಲ್ಫ್ಯೂರಿಕ್ ಆಸಿಡ್ ಹಾಕಿ 60–70 ಡಿಗ್ರಿವರೆಗೆ ಬಿಸಿ ಮಾಡಬೇಕು. ಆದರೂ ಬ್ಯೂರೆಟ್‌ನಿಂದ (ಅಳತೆಯ ಗೆರೆಗಳಿರುವ ಗಾಜಿನ ನಳಿಗೆ) ಬಿದ್ದ ಮೊದಲ ಹನಿಗಳ ಬಣ್ಣ ಬೇಗ ಹೋಗುವುದಿಲ್ಲ. ಕ್ರಿಯೆಯಲ್ಲೇ ಹುಟ್ಟುವ ಮ್ಯಾಂಗನೀಸ್ ಅಯಾನುಗಳು ಸ್ವಲ್ಪ ಸೇರಿದ ಮೇಲೆ ವೇಗ ಬರುತ್ತದೆ. ಅಲ್ಲಿಯವರೆಗೆ ಫ್ಲಾಸ್ಕ್ ಅಲ್ಲಾಡಿಸುತ್ತಾ ನಿಲ್ಲಬೇಕು. ಹಾಗೆ ನಿಂತಾಗಲೇ ಅವಳು 'ನಿಮ್ಮೂರು ಯಾವುದು?' ಅಂತ ಕೇಳಿದ್ದು.

ಆಮೇಲೆ ರೀಡಿಂಗ್ ಜಗಳ. ನಾನು 9.9 ಅಂದೆ, ಅವಳು 9.7 ಅಂದಳು. ಬ್ಯೂರೆಟ್‌ನಲ್ಲಿ ದ್ರವದ ಮೇಲ್ಮೈ ಬಾಗಿರುತ್ತದೆ. ಪರ್ಮಾಂಗನೇಟಿನ ಬಣ್ಣ ಗಾಢ, ಅದಕ್ಕೇ ಆ ಬಾಗಿನ ಮೇಲಿನ ಅಂಚನ್ನು ಓದಬೇಕು. ನಾನು ಕೆಳಗಿನದನ್ನು ಓದಿದ್ದೆ. ಅವಳು ಬಗ್ಗಿ ತೋರಿಸಿದಳು. ಮುಂದಿನ ವಾರ ನಾರ್ಮಾಲಿಟಿ (ದ್ರಾವಣದ ಸಾಂದ್ರತೆಯ ಒಂದು ಅಳತೆ) ಲೆಕ್ಕದಲ್ಲಿ ಅವಳು ಸಿಕ್ಕಿಕೊಂಡಳು. ನಾನು ಕನ್ನಡದಲ್ಲೇ ಬಿಡಿಸಿ ಹೇಳಿದೆ.

ಈಗ ನಾನೇ ಲ್ಯಾಬಿನಲ್ಲಿ ಪಾಠ ಮಾಡುತ್ತೇನೆ. ಕೆಲವು ಕಡೆ ಪ್ರತಿ ವಾರ ಜೋಡಿ ಬದಲಿಸುತ್ತಾರೆ, ಎಲ್ಲರ ಪರಿಚಯವಾಗಲಿ ಅಂತ. ಉದ್ದೇಶ ಒಳ್ಳೆಯದೇ. ಆದರೆ ನಾಚಿಕೆ ಸ್ವಭಾವದ ಮಕ್ಕಳಿಗೆ ಬಾಯಿ ಬಿಡಲೇ ಎರಡು ಮೂರು ವಾರ ಬೇಕು. ಮಾತು ಶುರುವಾಗುವ ಹೊತ್ತಿಗೆ ಎದುರಿಗೆ ಬೇರೆ ಮುಖ ಬಂದರೆ ಹೇಗೆ? ಬೇಕಾದರೆ ಜೋಡಿಯೊಳಗಿನ ಕೆಲಸ ಬದಲಿಸಿ. ಹುಡುಗ ಬ್ಯೂರೆಟ್ ಹಿಡಿಯುವುದು, ಹುಡುಗಿ ರೀಡಿಂಗ್ ಬರೆದು ಗ್ಲಾಸ್‌ವೇರ್ ತೊಳೆಯುವುದು, ಇದನ್ನು ನಾನು ತುಂಬಾ ಸಲ ನೋಡಿದ್ದೇನೆ. ಬೇಜಾರಾಗುತ್ತದೆ. ಅದು ಜೊತೆಗೆ ಮಾಡುವ ಕೆಲಸವಲ್ಲ, ಅಲ್ವಾ? ಇನ್ನು ಫ್ಲಾಸ್ಕ್ ಬಿಸಿಯಾಗುವಾಗ ಅವರು ಮಾತಾಡಿಕೊಂಡರೆ ಸುಮ್ನೆ ಗದರಬೇಡಿ. ಕಣ್ಣು ಬರ್ನರ್ ಮೇಲಿದ್ದರೆ ಸಾಕು.

ಈ ಸಲ ನನ್ನ ಬ್ಯಾಚಿನಲ್ಲಿ ಮೂರು ತಿಂಗಳಿಂದ ಅವೇ ಜೋಡಿಗಳು. ಕ್ಲಾಸಿನಲ್ಲಿ ಕೊನೇ ಬೆಂಚಿನಲ್ಲಿ ಒಬ್ಬನೇ ಕೂರುತ್ತಿದ್ದ ಹುಡುಗ ಈಗ ಮೂರನೇ ಬೆಂಚಿಗೆ ಬಂದಿದ್ದಾನೆ, ತನ್ನ ಪಾರ್ಟ್‌ನರ್ ಪಕ್ಕಕ್ಕೆ.